ತಾಯಕ್ಕನ ಹೋಟ್ಲಿಗೆ ಊರು ಬೆನ್ನು ಹಾಕಿದ್ದು

ಒಂದಾನೊಂದು ಊರಿನಲ್ಲಿ, ಅಂದರೆ ಹೊಳೆಯೊಂದು ಊರನ್ನು ಮುಟ್ಟಿ ನೋಡಿ, "ಇನ್ನೂ ಇದ್ದೀಯಾ?" ಅಂತ ಕೇಳಿ ಮುಂದೆ ಹೋಗುವ ಜಾಗದಲ್ಲಿ, ಒಂದೇ ಒಂದು ಹೋಟ್ಲು ಇತ್ತು. ಹೂಂ ಅನ್ನುವವರು ಹೂಂ ಅನ್ನಿ. ನಿದ್ದೆ ಬಂದವರು ಗೊರಕೆಯಲ್ಲೇ ಹೂಂ ಅನ್ನಿ, ನನಗೆ ಅರ್ಥವಾಗುತ್ತೆ.

ಹೋಟ್ಲು ಚಿಕ್ಕತಾಯಮ್ಮನದು. ಊರವರಿಗೆಲ್ಲ ಅವಳು ತಾಯಕ್ಕ. ಹೋಟ್ಲಿನ ಅರ್ಧಭಾಗ ದೋಸೆ ಕಾವಲಿ, ಇನ್ನರ್ಧದಲ್ಲಿ ಉಳಿದದ್ದೆಲ್ಲ. ಅಷ್ಟು ದೊಡ್ಡ ಕಾವಲಿ. ಅತ್ತೆಯಿಂದ ಬಂದದ್ದು. ಅತ್ತೆ ಸಾಯುವಾಗ ಸೊಸೆಯ ಕೈ ಹಿಡಿದು, "ನನ್ನ ಮಗನ್ನ ಹೆಂಗಾದ್ರೂ ನೋಡ್ಕೊ, ಕಾವಲೀನ ಮಾತ್ರ ಚೆನ್ನಾಗಿ ನೋಡ್ಕೊ" ಅಂದಿದ್ದಳು. ಮಗ ಅವ್ವನ ಹಿಂದೆಯೇ ಹೊರಟುಹೋದ. ಕಾವಲಿ ಉಳಿಯಿತು. ಕಾವಲಿಗೆ ಮಾತು ಬರುತ್ತಿತ್ತು. ಆದರೆ ಗಿರಾಕಿಗಳ ಮುಂದೆ ಮಾತಾಡಬಾರದು ಅನ್ನುವ ಶಿಸ್ತಿನಲ್ಲಿ ಬೆಳೆದಿತ್ತು. ಹಾಗಾಗಿ ಊರಿಗೆ ಗೊತ್ತಿರಲಿಲ್ಲ.

ಅದೇ ಊರಿನಲ್ಲಿ ಹೊನ್ನಯ್ಯ ಅಂತ ಒಬ್ಬ ಅಂಬಿಗ. ಅವನ ದೋಣಿ ಒಂದು ಬೆಳಗ್ಗೆ, "ದಿನಾ ಬೇರೆಯವರಿಗಾಗಿ ಆ ದಡಕ್ಕೆ ಹೋಗ್ತೀನಿ, ಇವತ್ತು ನನಗಾಗಿ ಹೋಗ್ತೀನಿ" ಅಂತ ಒಂಟಿಯಾಗಿ ಹೋಯಿತು. ಹೋದದ್ದು ಬರಲಿಲ್ಲ. ಅಲ್ಲೇ ಒಂದು ಮೀನಿನ ಬುಟ್ಟಿಯನ್ನು ಮದುವೆಯಾಗಿ ಸಂಸಾರ ಹೂಡಿತು.

ದೋಣಿಯ ಸಂಸಾರವೇನೋ ಚೆನ್ನಾಗಿ ನಡೆಯಿತು. ಇತ್ತ ಊರಿನ ಸಂಸಾರ ಕೆಟ್ಟಿತು. ಆ ದಡಕ್ಕೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವಂತಿಲ್ಲ. ಈಚೆ ದಡದಿಂದ ಅವ್ವ ಕೂಗುತ್ತಿದ್ದಳು, ಆಚೆ ದಡದಿಂದ ಮಗಳು ಕೂಗುತ್ತಿದ್ದಳು, ನಡುವೆ ಹೊಳೆ ಎರಡನ್ನೂ ಕೇಳಿಸಿಕೊಂಡು ಮೂಗು ಸೀಟುತ್ತಾ ಹರಿಯುತ್ತಿತ್ತು. ಹೊನ್ನಯ್ಯ ದಡದಲ್ಲಿ ಕೂತು ಗಾಳಿಗೇ ಹುಟ್ಟು ಹಾಕುತ್ತಿದ್ದ.

"ಯಾಕೆ ಹೊನ್ನಯ್ಯ, ಸುಮ್ನೆ ಕೈ ನೋಯಿಸ್ಕೊಳ್ತೀಯ?"

"ತೋಳು ಮರೆತುಬಿಡುತ್ತೆ ಕಣಣ್ಣ" ಅನ್ನುತ್ತಿದ್ದ.

ಅದನ್ನು ನೋಡಿ ತಾಯಕ್ಕನಿಗೆ ತಡೆಯಲಾಗಲಿಲ್ಲ. ಊರನ್ನೆಲ್ಲ ಕರೆದು ಹೇಳಿದಳು. "ಈ ಸೋಮವಾರ ಸಹಾಯಾರ್ಥ ದೋಸೆ. ಎಲ್ಲರೂ ಬನ್ನಿ. ಹೊಟ್ಟೆ ತುಂಬಾ ತಿನ್ನಿ. ತಿಂದು ಎಷ್ಟು ಖುಷಿ ಆಯ್ತೋ ಅಷ್ಟನ್ನ ಈ ಗಡಿಗೆಗೆ ಹಾಕಿ. ಬಂದದ್ದೆಲ್ಲ ಹೊನ್ನಯ್ಯನ ಹೊಸ ದೋಣಿಗೆ."

ಊರು ಕುಣಿಯಿತು. ದೋಣಿಗಾಗಿ ತಿನ್ನುವುದು ಅಂದರೆ ಪುಣ್ಯದ ಕೆಲಸ. ಪುಣ್ಯ ಹೆಚ್ಚಾಗಲಿ ಅಂತ ಎಲ್ಲರೂ ಭಾನುವಾರ ಬೆಳಗ್ಗೆಯಿಂದಲೇ ಉಪವಾಸ ಹಿಡಿದರು.

ಭಾನುವಾರ ಸಾಯಂಕಾಲ ತಾಯಕ್ಕ ಒಲೆ ಹಚ್ಚಿ ಪರೀಕ್ಷೆಗೆ ಒಂದು ದೋಸೆ ಹೊಯ್ದಳು. ಚೊಂಯ್ ಅನ್ನಲಿಲ್ಲ. ಸೌದೆ ತುರುಕಿದಳು. ಚೊಂಯ್ ಅನ್ನಲಿಲ್ಲ. ಕಾವಲಿಯ ಮೇಲೆ ಕೈಯಿಟ್ಟು ನೋಡಿದರೆ ಬಾವಿಯ ಕಲ್ಲಿನಂತೆ ತಣ್ಣಗಿತ್ತು.

"ಏನಾಯ್ತೇ?" ಅಂದಳು ತಾಯಕ್ಕ.

ಕಾವಲಿ "ಆಕ್ಷೀ!" ಅಂತ ಸೀನಿತು. ಹಿಟ್ಟು ಹಾರಿ ಜಂತೆಗೆ ಅಂಟಿಕೊಂಡಿತು.

"ಶೀತ ಆಗಿದೆ ಕಣವ್ವ" ಅಂತು ಕಾವಲಿ. "ಶೀತ ಆದ ಮೇಲೆ ಕಾಯೋದು ಹೆಂಗೆ?"

"ಅಯ್ಯೋ! ಊರಿಗೆಲ್ಲ ಹೇಳಿಬಿಟ್ಟಿದ್ದೀನಲ್ಲ. ಈಗ ನಿನಗೆ ಶೀತ ಅಂತ ಹೇಳಿ ಬರ್ತೀನಿ."

"ಬೇಡ!" ಕಾವಲಿ ಹೆದರಿಹೋಯಿತು. "ಯಾರಿಗೂ ಹೇಳಬೇಡ. ಸೀನೋ ಕಾವಲಿ ಮೇಲಿನ ದೋಸೆ ಯಾರು ತಿಂತಾರೆ? ಗುಜರಿಗೆ ಹಾಕು ಅಂತಾರೆ. ನಿಮ್ಮತ್ತೆ ಮೇಲೆ ಆಣೆ ಹಾಕು."

ತಾಯಕ್ಕನಿಗೆ ಅತ್ತೆಯ ಭಯ ಇನ್ನೂ ಹೋಗಿರಲಿಲ್ಲ. ಆಣೆ ಹಾಕಿದಳು. ಬೋರ್ಡಿನ ಮೇಲೆ ಸುಣ್ಣದಲ್ಲಿ ಬರೆದು ಬಾಗಿಲಿಗೆ ತೂಗುಹಾಕಿದಳು. "ಸಹಾಯಾರ್ಥ ದೋಸೆ ರದ್ದಾಗಿದೆ. ಕ್ಷಮಿಸಿ. ಕಾರಣ ಕೇಳಬೇಡಿ."

ಸೋಮವಾರ ಊರು ಬಂತು. ಬೋರ್ಡು ಓದಿತು. ಹಸಿದ ಊರು, ಗೊತ್ತಲ್ಲ? ಹಸಿವಿಗೆ ಸಿಟ್ಟು ಬೇಗ ಬರುತ್ತೆ. ಆದರೆ ನಮಗೆ ಹಸಿವು ಅಂತ ಹೇಳಿಕೊಳ್ಳಲು ನಾಚಿಕೆ. ಹಾಗಾಗಿ ಎಲ್ಲರೂ, "ಪಾಪ ಹೊನ್ನಯ್ಯನಿಗೆ ಮೋಸ!" ಅಂತ ಕೂಗಿದರು.

ಪಟೇಲ ಬೋರಲಿಂಗಣ್ಣ ಅರಳಿಕಟ್ಟೆ ಹತ್ತಿದರು. "ಇವತ್ತಿನಿಂದ ಇಡೀ ಊರು ತಾಯಕ್ಕನಿಗೆ ಬೆನ್ನು ಹಾಕಬೇಕು!" ಅಂದರು.

"ಹಾಕಬೇಕು!" ಅಂತು ಊರು.

ಹಿಂದಿನಿಂದ ಯಾರೋ ಕೇಳಿದರು. "ಮತ್ತೆ ಊಟಕ್ಕೆ?"

ಪಟೇಲರು ಯೋಚನೆ ಮಾಡಿದರು. ಇರುವುದು ಒಂದೇ ಹೋಟ್ಲು. "ಊಟಕ್ಕೆ ಹೋಗಬಹುದು. ಬೆನ್ನು ಹಾಕಿಕೊಂಡು ಹೋಗಬೇಕು."

ಅವತ್ತಿನಿಂದ ಊರಿಗೆ ಊರೇ ಹಿಂದುಹಿಂದಕ್ಕೆ ನಡೆದು ಹೋಟ್ಲಿಗೆ ಬರತೊಡಗಿತು. ಹಿಂದುಹಿಂದಕ್ಕೆ ಬರುವುದು, ತಾಯಕ್ಕನಿಗೆ ಬೆನ್ನು ಮಾಡಿ ಕೂರುವುದು, ಗೋಡೆ ನೋಡಿಕೊಂಡು ಇಡ್ಲಿ ತಿನ್ನುವುದು. ಇಡ್ಲಿ ಪಾತ್ರೆಗೆ ಯಾವ ರೋಗವೂ ಇರಲಿಲ್ಲ.

ಬೆನ್ನಿಗೆ ಬಡಿಸುವ ಕಷ್ಟ ಬಡಿಸಿದವರಿಗೇ ಗೊತ್ತು. ಉಪ್ಪು ಸರಿಯಿದೆಯಾ ಅಂತ ಮುಖ ಹೇಳುತ್ತೆ. ಸಾಕಾ, ಇನ್ನೂ ಬೇಕಾ ಅಂತ ಮುಖ ಹೇಳುತ್ತೆ. ಬೆನ್ನು ಏನೂ ಹೇಳುವುದಿಲ್ಲ. ತಾಯಕ್ಕ ಬೆನ್ನುಗಳನ್ನೇ ನೋಡುತ್ತಾ ನಿಂತಳು. ನೋಡುತ್ತಾ ನೋಡುತ್ತಾ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಪಟೇಲರ ಅಂಗಿ ಮುಂದೆ ಇಸ್ತ್ರಿ, ಹಿಂದೆ ಹೊಲಿಗೆ ಬಿಟ್ಟಿತ್ತು. ಪಕ್ಕದವನ ಬೆನ್ನಿನಲ್ಲಿ ಬೆಕ್ಕು ತೂರುವಷ್ಟು ದೊಡ್ಡ ಹರಕು. ಇನ್ನೊಬ್ಬನ ಬೆನ್ನಿಗೆ ಮುಳ್ಳುಕಾಯಿ ಅಂಟಿತ್ತು. ಇಷ್ಟು ವರ್ಷ ಊರಿನ ಮುಖಕ್ಕೆ ಬಡಿಸಿದವಳು ಊರಿನ ಬೆನ್ನನ್ನು ನೋಡಿಯೇ ಇರಲಿಲ್ಲ.

ಸೂಜಿದಾರ ತಂದಳು. ಪಟೇಲರು ಸಿಟ್ಟಿನಿಂದ ಇಡ್ಲಿ ತಿನ್ನುತ್ತಿದ್ದಾಗ ಹಿಂದೆ ಕೂತು ಅಂಗಿ ಹೊಲಿದಳು. ಪಟೇಲರಿಗೆ ಕಚಗುಳಿಯಾಯಿತು. ತಿರುಗಿ ನೋಡಿದರೆ ಹೋರಾಟ ಮುರಿಯುತ್ತೆ. ತುಟಿ ಕಚ್ಚಿಕೊಂಡು ಗೋಡೆಗೆ, "ಉಪಕಾರ ಆಯ್ತು" ಅಂದರು. ಗೋಡೆ ಸುಮ್ಮನಿತ್ತು.

ಹೀಗೆ ಹೋರಾಟ ಬೆಳೆಯಿತು, ಹೊಲಿಗೆಯೂ ಬೆಳೆಯಿತು. ಹಿಂದುಹಿಂದಕ್ಕೆ ನಡೆಯುವುದು ಊರಿಗೆ ರೂಢಿಯಾಗಿಹೋಯಿತು. ಅಂಚೆಯವನು ಕಾಗದಗಳನ್ನು ಬರೆದವರಿಗೇ ವಾಪಸ್ ಕೊಟ್ಟುಬಂದ. ಕಳ್ಳ ಹಿಂದಕ್ಕೆ ನಡೆದು, ಹಿಂದಿನ ವಾರ ಕದ್ದದ್ದನ್ನೆಲ್ಲ ಇದ್ದ ಜಾಗದಲ್ಲೇ ಇಟ್ಟು, ಅಳುತ್ತಾ ಮನೆಗೆ ಹೋದ.

ಈಗ ದೊರೆಯ ವಿಷಯಕ್ಕೆ ಬರೋಣ. ಆ ಸೀಮೆಯ ದೊರೆಗೆ ರಾಜ್ಯದ ಚಿಂತೆ ಇರಲಿಲ್ಲ, ಸದ್ದಿನ ಚಿಂತೆ ಇತ್ತು. ಸದ್ದುಗಳನ್ನು ಹಿಡಿದು ಭರಣಿಯಲ್ಲಿ ತುಂಬಿ ಬಿರಡೆ ಹಾಕಿ ಇಡುತ್ತಿದ್ದ. ಬೆಕ್ಕಿನ ಆಕಳಿಕೆ ಒಂದು ಭರಣಿ, ಹಳೇ ಬಾಗಿಲಿನ ಕಿರ್ ಒಂದು ಭರಣಿ, ಮಂತ್ರಿಯ ಮೊಣಕಾಲಿನ ಲಟಕ್ ಒಂದು ಭರಣಿ. ತಾಯಕ್ಕನ ಕಾವಲಿಯ ಚೊಂಯ್‌ಗಾಗಿ ಒಂದು ಖಾಲಿ ಭರಣಿಯನ್ನು ತೊಳೆದು ಬಿಸಿಲಿಗಿಟ್ಟು ಕಾಯುತ್ತಿದ್ದ. ಸಹಾಯಾರ್ಥ ದೋಸೆ ರದ್ದಾಯಿತು ಅಂತ ಕೇಳಿ ಭರಣಿಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಬಂದೇಬಿಟ್ಟ.

"ಎಲ್ಲಮ್ಮ ನನ್ನ ಚೊಂಯ್?"

"ಇವತ್ತು ಆಗಲ್ಲ ಸ್ವಾಮಿ. ಇಡ್ಲಿಯ ಬುಸ್ ಕೊಡ್ಲಾ?"

"ಬುಸ್ ಇದೆ."

"ಒಗ್ಗರಣೆಯ ಚಟಪಟ?"

"ಅದೂ ಇದೆ."

ತಾಯಕ್ಕನ ಕಣ್ಣಲ್ಲಿ ನೀರು ಬಂತು. ದೊರೆ ಕಿವಿಗೊಟ್ಟು ಕೇಳಿದ. "ಇದಕ್ಕೆ ಸದ್ದಿಲ್ಲ. ನನಗೆ ಬೇಡ" ಅಂದ. "ನಾಳೆ ಮಧ್ಯಾಹ್ನದೊಳಗೆ ಈ ಕಾವಲಿ ಚೊಂಯ್ ಅನ್ನಬೇಕು. ಅನ್ನದಿದ್ದರೆ ಕರಗಿಸಿ ಗಂಟೆ ಮಾಡಿಸ್ತೀನಿ. ಗಂಟೆಯಾದರೂ ಏನಾದರೊಂದು ಅನ್ನುತ್ತೆ."

ಕಾವಲಿ ಗಡಗಡ ನಡುಗಿತು. ಶೀತದ ನಡುಕ ಬೇರೆ, ಇದು ಬೇರೆ. ದೊರೆ ಹೋದ ಮೇಲೆ ತಾಯಕ್ಕ ತನ್ನ ಸೆರಗನ್ನು ಅದಕ್ಕೆ ಹೊದಿಸಿ ಪಕ್ಕದಲ್ಲೇ ಕೂತಳು. "ಹೇಳಿಬಿಡ್ಲಾ?" ಅಂದಳು. "ಬೇಡ" ಅಂತು ಕಾವಲಿ.

ಮರುದಿನ ಬೆಳಗ್ಗೆ ಹೋಟ್ಲು ತುಂಬಾ ಬೆನ್ನುಗಳು. ಆ ಹೊತ್ತಿಗೆ ಹೊನ್ನಯ್ಯ ಹೊಳೆಯ ಕಡೆಯಿಂದ ಬಂದ. ಹೆಗಲ ಮೇಲೆ ಹುಟ್ಟು. ನೆಟ್ಟಗೆ, ಮುಂದುಮುಂದಕ್ಕೆ ನಡೆದು ಬಂದ. ಅವನ ಹೆಸರಿನಲ್ಲಿ ಇಷ್ಟೆಲ್ಲ ನಡೆಯುತ್ತಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

"ಏ ಹೊನ್ನಯ್ಯ, ತಿರುಗು, ತಿರುಗು!" ಗೋಡೆ ನೋಡುತ್ತಲೇ ಪಟೇಲರು ಕೂಗಿದರು. "ಇದು ನಿನಗೋಸ್ಕರ ಮಾಡ್ತಿರೋ ಜಗಳ!"

"ನನಗೋಸ್ಕರ ಅಂದ್ರೆ ನಾನೇ ಕೇಳ್ತೀನಿ ಬಿಡಿ ಪಟೇಲ್ರೇ."

ತಾಯಕ್ಕನ ಎದುರಿಗೆ ಬಂದು ನಿಂತ. ಮುಖ ನೋಡಿದ. "ಯಾಕಕ್ಕ, ಸೊರಗಿಹೋಗಿದ್ದೀಯ? ಮೈ ಸರಿಯಿಲ್ವಾ?"

ಅಷ್ಟೇ ಕೇಳಿದ್ದು. ದೋಸೆ ಯಾಕಿಲ್ಲ ಅಂತಲ್ಲ, ದೋಣಿ ಏನಾಯ್ತು ಅಂತಲ್ಲ. ಎಷ್ಟೋ ದಿನದಿಂದ ಒಂದು ಮುಖವನ್ನೂ ನೋಡದಿದ್ದ ತಾಯಕ್ಕ ಹುಟ್ಟನ್ನೇ ಹಿಡಿದುಕೊಂಡು ಗೊಳೋ ಅಂತ ಅತ್ತಳು. ಅತ್ತಳೇ ಹೊರತು ಬಾಯಿ ಬಿಡಲಿಲ್ಲ. ಆಣೆ ಆಣೆಯೇ.

ಆಗ ಒಲೆಯ ಮೇಲಿನಿಂದ ದನಿ ಕೇಳಿತು. "ಅವಳದ್ದೇನೂ ತಪ್ಪಿಲ್ಲ. ಶೀತ ಆಗಿರೋದು ನನಗೆ. ನಾನೇ ಹೇಳಬೇಡ ಅಂದೆ. ಬೇಕಾದ್ರೆ ನನ್ನ ಗುಜರಿಗೆ ಹಾಕಿ, ಗಂಟೆ ಮಾಡಿ. ಅವಳ ಕಡೆ ಮುಖ ಮಾಡಿ, ಸಾಕು. ಆಕ್ಷೀ!"

ಅಷ್ಟೂ ಬೆನ್ನುಗಳು ಒಟ್ಟಿಗೇ ತಿರುಗಿದವು.

ಕಾವಲಿ ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾಯಿತು. ಕೇಳಿ, ಊರು ಏನು ಮಾಡಿತು ಅಂತ. ಕಾವಲಿಗೆ ಮಾತು ಬರುತ್ತಾ ಅಂತ ಒಬ್ಬರೂ ಬೆರಗಾಗಲಿಲ್ಲ. ಶೀತ ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಊರಿಗೆ ಊರೇ ವೈದ್ಯನಾಯಿತು.

"ಮೆಣಸಿನ ಕಷಾಯ ಕೊಡ್ಬೇಕು!"

"ಅದೆಲ್ಲ ಬೇಡ, ಶುಂಠಿ, ಬರೀ ಶುಂಠಿ!"

"ನಮ್ಮಜ್ಜಿ ಬೆಳ್ಳುಳ್ಳಿ ಸುಟ್ಟು ಕೊಡೋಳು!"

"ತಲೆಗೆ ಸ್ನಾನ ಮಾಡಿಸಿದ್ಯಾ ತಾಯಕ್ಕ? ಅದಕ್ಕೇ ಆಗಿರೋದು!"

ಪಟೇಲರು ಓಡಿಹೋಗಿ ಹೆಂಡತಿಯ ಹೊಸ ಕಂಬಳಿ ತಂದರು. ಮನೆಮನೆಯಿಂದ ಮೆಣಸು ಬಂತು, ಶುಂಠಿ ಬಂತು, ಓಮ, ತುಳಸಿ, ಅರಿಶಿನ ಬಂತು. ನಂದು ಮೊದಲು, ನಂದು ಮೊದಲು ಅಂತ ಎಲ್ಲರೂ ಒಟ್ಟಿಗೇ ಸುರಿದರು. ಕಾವಲಿ, "ಸಾಕು, ಸಾಕು, ಸಾ... ಸಾ... ಆ..." ಅಂತು.

ಆಮೇಲೆ ಸೀನಿತು.

ಅಂಥ ಸೀನು ಹಿಂದೆ ಆಗಿಲ್ಲ. ಹೋಟ್ಲಿನ ಮಾಡು ಹಾರಿ ಹುಣಿಸೆಮರಕ್ಕೆ ಟೋಪಿಯಾಯಿತು. ಕಾವಲಿ ಒಲೆಯಿಂದ ಎದ್ದು, ಬಾಗಿಲು ದಾಟಿ, ಅರಳಿಕಟ್ಟೆ ದಾಟಿ, ಕೆಂಡದಂತೆ ಕೆಂಪಾಗಿ ಹೊಳೆಗೆ ಬಿತ್ತು.

ಚೊಂಂಂಂಂಯ್!

ಎರಡೂ ದಡಕ್ಕೆ ಕೇಳಿತು. ಭರಣಿಗಳ ಗಾಡಿಯೊಂದಿಗೆ ಆಗತಾನೇ ಹೊಳೆಯ ದಾರಿಯಲ್ಲಿ ಬರುತ್ತಿದ್ದ ದೊರೆ ಬಿರಡೆ ತೆಗೆದು ಖಾಲಿ ಭರಣಿ ಚಾಚಿದ. ಅಷ್ಟು ದೊಡ್ಡ ಚೊಂಯ್ ಅಷ್ಟು ಚಿಕ್ಕ ಭರಣಿಗೆ ಹಿಡಿಸೀತೇ? ಭರಣಿ ಚೂರಾಯಿತು. ಗಾಡಿಯಲ್ಲಿದ್ದ ಉಳಿದ ಭರಣಿಗಳೂ ಒಡೆದವು. ಬೆಕ್ಕಿನ ಆಕಳಿಕೆ ಪಟೇಲರ ಬಾಯಿಗೆ ಹೋಯಿತು. ಲಟಕ್ ಮಂತ್ರಿಯ ಮೊಣಕಾಲನ್ನು ಹುಡುಕಿಕೊಂಡು ವಾಪಸ್ ಹೋಯಿತು.

ತಾಯಕ್ಕ ಎದೆ ಬಡಿದುಕೊಂಡು ದಡಕ್ಕೆ ಓಡಿದಳು. "ಮುಳುಗಿಹೋಯ್ತಲ್ಲಪ್ಪೋ ನನ್ನ ಕಾವಲಿ!"

ಮುಳುಗಿರಲಿಲ್ಲ. ತೇಲುತ್ತಿತ್ತು. ಕಬ್ಬಿಣ ಹೇಗೆ ತೇಲುತ್ತೆ ಅಂತ ಕೇಳಬೇಡಿ. ಶೀತ ಇಳಿದ ಮೇಲೆ ಮೈ ಹಗುರ ಆಗುವುದಿಲ್ಲವೇ? ಹಾಗೆ.

"ಎಷ್ಟು ಆರಾಮಾಗಿದೆ ಗೊತ್ತಾ ತಾಯವ್ವ!" ಅಂತು ಕಾವಲಿ. "ಹುಟ್ಟಿದಾಗಿನಿಂದ ಒಲೆ ಬಿಟ್ಟು ಕದಲಿರಲಿಲ್ಲ. ನಾನು ಇಲ್ಲೇ ಇರ್ತೀನಿ. ಊರಿನ ಅಷ್ಟೂ ಮೆಣಸು ಒಳಗಿದೆ, ಇನ್ನು ಒಲೆ ಬೇಕಿಲ್ಲ."

ಹೊನ್ನಯ್ಯ ಯಾರನ್ನೂ ಕೇಳಲಿಲ್ಲ. ಹುಟ್ಟು ಹಿಡಿದು ಹಾರಿ ಕಾವಲಿಯ ಅಂಚಿನಲ್ಲಿ ನಿಂತ. ಅಂಚು ಬೆಚ್ಚಗಿತ್ತು, ಮೊಣಕಾಲು ನೋವಿಗೆ ಹಿತವಾಗಿತ್ತು. ಒಂದು ಹುಟ್ಟು ಹಾಕಿದ. ತೋಳು ಮರೆತಿರಲಿಲ್ಲ.

ತಾಯಕ್ಕ ಹಿಟ್ಟಿನ ಗಡಿಗೆ ಹೊತ್ತು ಹತ್ತಿದಳು. ಈ ದಡದಲ್ಲಿ ಹೊಯ್ದ ದೋಸೆ ಆ ದಡ ಮುಟ್ಟುವಷ್ಟರಲ್ಲಿ ಒಂದು ಕಡೆ ಬೇಯುತ್ತಿತ್ತು. ಇನ್ನೊಂದು ಕಡೆ ಬೇಯಬೇಕಾದರೆ ವಾಪಸ್ ಬರಲೇಬೇಕು. ಹಾಗಾಗಿ ದೋಸೆ ತಿನ್ನುವ ಆಸೆಗೆ ಆ ದಡದ ಹೆಣ್ಣುಮಕ್ಕಳೆಲ್ಲ ಕೂಸುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತಿಬಿಟ್ಟರು. ಈ ದಡದಲ್ಲಿ ಇಳಿದರೆ ಅವ್ವಂದಿರು ಸೊಂಟದ ಮಟ್ಟ ನೀರಿನಲ್ಲಿ ನಿಂತು ಕಾಯುತ್ತಿದ್ದರು. ಯಾರು ಯಾರನ್ನು ತಬ್ಬಿಕೊಂಡರೋ ಗೊತ್ತಾಗಲಿಲ್ಲ. ಒಬ್ಬಳಂತೂ ಬೇರೆಯವಳ ಅವ್ವನನ್ನು ತಬ್ಬಿಕೊಂಡು ಅತ್ತು, ಆಮೇಲೆ ತನ್ನವ್ವನನ್ನು ಹುಡುಕಿ ಇನ್ನೊಂದು ಸಲ ಅತ್ತಳು.

ದೊರೆ ಒಡೆದ ಭರಣಿಯ ಚೂರು ಹಿಡಿದು ಮುಖ ಸಪ್ಪೆ ಮಾಡಿ ಕೂತಿದ್ದ. ತಾಯಕ್ಕ ಅವನಿಗೂ ಒಂದು ಗರಿಗರಿ ದೋಸೆ ಕೊಟ್ಟಳು. ಕಚ್ಚಿದ. ಕರುಂ ಅಂತು. ದೊರೆ ಬೆಚ್ಚಿಬಿದ್ದ. "ಈ ಸದ್ದು ತಲೆಯೊಳಗೇ ಕೇಳುತ್ತಲ್ಲಮ್ಮ! ಇದನ್ನ ಯಾವ ಭರಣಿಗೆ ಹಾಕ್ಲಿ?"

"ನುಂಗಿಬಿಡಿ ಸ್ವಾಮಿ, ನೀವೇ ಭರಣಿ" ಅಂದಳು.

ಪಟೇಲರು ಕೊನೆಗೆ ಬಂದರು. ಆಕಳಿಸುತ್ತಾ, ತಲೆ ತಗ್ಗಿಸಿ ನಿಂತರು. "ತಾಯಕ್ಕ, ಇಷ್ಟು ದಿನ ನೀನು ನಮ್ಮ ಬೆನ್ನು ನೋಡೋ ಹಾಗೆ ಮಾಡಿದ್ವಿ. ಮನಸ್ಸಿನಲ್ಲಿ ಇಟ್ಕೋಬೇಡ."

"ಕಾರಣ ಕೇಳಬೇಡಿ ಅಂತ ಬರೆದವಳು ನಾನು. ನೀವು ನಿಜವಾಗ್ಲೂ ಕೇಳಲಿಲ್ಲ" ಅಂದಳು ತಾಯಕ್ಕ. "ಕೂತ್ಕೊಳ್ಳಿ ಪಟೇಲ್ರೇ. ಖಾರ ಜಾಸ್ತಿ ಆಯ್ತಾ ಅಂತ ನಿಮ್ಮ ಮುಖ ನೋಡ್ಬೇಕು."

ಖಾರ ಜಾಸ್ತಿಯೇ ಆಗಿತ್ತು. ಪಟೇಲರ ಮುಖ ಅದನ್ನು ಹೇಳಿತು. ತಾಯಕ್ಕ ನಕ್ಕು ಇನ್ನಷ್ಟು ಬೆಣ್ಣೆ ಹಾಕಿದಳು.

ಇದರ ನೀತಿ ಏನಪ್ಪಾ ಅಂದರೆ, ಯಾವ ಹೋಟ್ಲಿನ ಬಾಗಿಲಲ್ಲಾದರೂ ದೋಸೆ ಇಲ್ಲ ಅಂತ ಬೋರ್ಡು ಕಂಡರೆ ಕೂಗಾಡಬೇಡಿ. ಮೆಲ್ಲಗೆ ಒಳಗೆ ಹೋಗಿ ಕಾವಲಿಯ ಹಣೆ ಮುಟ್ಟಿ ನೋಡಿ. ಕೈ ಸುಟ್ಟರೆ ಕಾವಲಿ ಆರೋಗ್ಯವಾಗಿದೆ ಅಂತ ಅರ್ಥ, ಆಮೇಲೆ ಬೇಕಾದರೆ ಜಗಳ ಆಡಿ.

ಅವರು ಹೊಳೆಯ ಮಧ್ಯೆ ಇನ್ನೂ ಚಟ್ನಿ ಕೇಳುತ್ತಿದ್ದಾರೆ, ನಾವು ದಡದಲ್ಲಿ ಕೈ ತೊಳೆಯುತ್ತಿದ್ದೇವೆ.