ಕಾಂಡ್ಲಾ ಮರ ಕೈಯೂರಿ ನಿಂತದ್ದು

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ಎಲ್ಲಿಗೆ ಬಂದು ನಿಲ್ಲಬೇಕೆಂದು ಕಡಲಿಗೇ ಸರಿಯಾಗಿ ಗೊತ್ತಿರಲಿಲ್ಲ. ಗಾಳಿ, ಹೊಳೆ, ಮರ, ಮನುಷ್ಯ ಎಲ್ಲರೂ ಒಂದೇ ಮಾತು ಆಡುತ್ತಿದ್ದರು.

ಆಗ ಎಲ್ಲ ಮರಗಳಂತೆ ಕಾಂಡ್ಲಾ ಮರಕ್ಕೂ ಒಂದೇ ಕಾಲು. ಹೊಳೆ ಕಡಲನ್ನು ಸೇರುವ ಅಳಿವೆಯ ಕೆಸರಿನಲ್ಲಿ ಅದು ನಿಂತಿತ್ತು. "ಛೀ, ಕೆಸರು!" ಎಂದು ಉಳಿದ ಮರಗಳೆಲ್ಲ ದಂಡೆ ಹತ್ತಿ ಹೋಗಿದ್ದವು.

ಅದಕ್ಕೆ ಗೆಳತಿಯೆಂದರೆ ಸೋಮಿ ಒಬ್ಬಳೇ. ದಿನಾ ನೀರು ಇಳಿದ ಹೊತ್ತಿಗೆ ಅವಳು ಕೆಸರಿಗಿಳಿದು ಬಳಚು ಹೆಕ್ಕುತ್ತಿದ್ದಳು. ಬಳಚಿನ ಚಿಪ್ಪೊಡೆದು ಮಾಡಿದ ಸಾರೆಂದರೆ ಅವಳ ಅತ್ತೆ ಬೆಳ್ಳಕ್ಕನಿಗೆ ಪ್ರಾಣ. ಬುಟ್ಟಿ ತುಂಬಿದ ಮೇಲೆ ಸೋಮಿ ಕಾಂಡ್ಲಾದ ನೆರಳಲ್ಲಿ ಕೂತು ಕೇರಿಯ ಸುದ್ದಿಯೆಲ್ಲ ಹೇಳಿ ನಗುತ್ತಿದ್ದಳು. ಮರವೂ ಎಲೆ ಅಲ್ಲಾಡಿಸಿ ನಗುತ್ತಿತ್ತು.

ಒಂದು ಬೆಳಗ್ಗೆ ಹೊಳೆ ಏದುಸಿರು ಬಿಡುತ್ತಾ ಹಿಂದಕ್ಕೆ ಹರಿದು ಬಂತು.

"ಸೋಮೀ, ಓಡು! ಕಡಲ ನಡುವೆ ಒಂದು ಗಾಳಿ ಹುಟ್ಟಿದೆ. ಗಿರಗಿರ ತಿರುಗ್ತಾ ಈ ಕಡೆಗೇ ಬರ್ತಿದೆ. ನನ್ನನ್ನೇ ಹಿಂದಕ್ಕೆ ನೂಕ್ತಿದೆ!"

ಅದೇ ಲೋಕದ ಮೊದಲ ಚಂಡಮಾರುತ. ತನಗೆಷ್ಟು ಬಲವಿದೆಯೆಂದು ಅದಕ್ಕೇ ಗೊತ್ತಿರಲಿಲ್ಲ.

ಸೋಮಿ ಕೇರಿಗೆ ಓಡಿ ಎಲ್ಲರನ್ನೂ ಕೂಗಿದಳು. ಅತ್ತೆಯನ್ನು ಬೆನ್ನಿಗೆ ಹಾಕಿಕೊಂಡಳು. ಎಲ್ಲರೂ ಗುಡ್ಡದ ಕಡೆ ಹೊರಟರು. ಅಷ್ಟರಲ್ಲೇ ನೀರು ದಾರಿಯನ್ನು ನುಂಗಿತ್ತು. ಹಿಂದೆ ಮನೆಗಳ ಮಾಡು ಒಂದೊಂದಾಗಿ ಹಾರಿದವು. ದೋಣಿಗಳು ಒಡೆದವು. ದಂಡೆಯ ದೊಡ್ಡ ದೊಡ್ಡ ಮರಗಳು ದಡಾರನೆ ಬಿದ್ದವು.

"ಇಲ್ಲಿ ಬನ್ನಿ! ನನ್ನನ್ನು ಹಿಡ್ಕೊಳ್ಳಿ!" ಎಂದು ಕಾಂಡ್ಲಾ ಕೂಗಿತು.

ಕೇರಿಗೆ ಕೇರಿಯೇ ಮರ ಹತ್ತಿತು. ಬೆಳ್ಳಕ್ಕನನ್ನು ಸೀರೆಯಿಂದ ಕೊಂಬೆಗೆ ಕಟ್ಟಿದರು. ಗಾಳಿ ಒಮ್ಮೆ ನೂಕಿತು, ಮರ ವಾಲಿತು. ಮತ್ತೊಮ್ಮೆ ನೂಕಿತು, ಮರ ಇನ್ನಷ್ಟು ವಾಲಿತು.

"ಸೋಮೀ, ನನ್ನ ಕಾಲು ಜಾರ್ತಿದೆ!"

ಸೋಮಿಗೆ ಕೆಸರು ಹೊಸದಲ್ಲ. ಅದರಲ್ಲಿ ಎಷ್ಟು ಸಲ ಜಾರಿದ್ದಳೋ!

"ಕೈ ಊರು!" ಎಂದು ಕಿರುಚಿದಳು. "ಕಾಲು ಜಾರಿದ್ರೆ ನಾನು ಕೈ ಊರ್ತೇನೆ. ನೀನೂ ಊರು ಮಾರಾಯ್ತಿ!"

"ಮರ ಎಲ್ಲಾದ್ರೂ ಕೈ ಊರ್ತದಾ?"

"ಮಾನ ನೋಡ್ತಾ ಬೀಳೋದಕ್ಕಿಂತ ಊರೋದು ವಾಸಿ!" ಎಂದಳು ಕೊಂಬೆಯ ಮೇಲಿಂದ ಬೆಳ್ಳಕ್ಕ.

ಕಾಂಡ್ಲಾ ಒಂದು ಕೈ ಇಳಿಸಿ ಕೆಸರಿಗೆ ಊರಿತು. ಆಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಗಾಳಿ ನೂಕಿತು, ಮರ ವಾಲಲಿಲ್ಲ. ಅಲೆ ಬಡಿಯಿತು, ಆ ಕೈಗಳ ಸಂದಿಯಲ್ಲಿ ಸಿಕ್ಕಿ ಬರೀ ನೊರೆಯಾಯಿತು.

ಸಂಜೆಯ ಹೊತ್ತಿಗೆ ಗಾಳಿಗೇ ಸುಸ್ತಾಯಿತು. "ನಾನು ಆಡಲಿಕ್ಕೆ ಬಂದದ್ದು..." ಎಂದು ಹಿಂತಿರುಗಿ ನೋಡಿತು. ತಾನು ಮಾಡಿದ್ದನ್ನು ಕಂಡು ಬಿಕ್ಕುತ್ತಾ ಹೊರಟುಹೋಯಿತು.

ಎಲ್ಲರೂ ಇಳಿದು ತಲೆ ಎಣಿಸಿದರು. ಒಬ್ಬರೂ ಕಡಿಮೆಯಿಲ್ಲ! ಆದರೆ ಕೇರಿಯಿದ್ದಲ್ಲಿ ಬರೀ ಮರಳು. ಸೋಮಿ ತನ್ನ ಒಲೆಯಿದ್ದ ಜಾಗ ಹುಡುಕಿದಳು, ಹುಡುಕಿದಳು, ಸಿಗಲಿಲ್ಲ. ಅಲ್ಲೇ ಕೂತು ಅತ್ತಳು.

"ಅಳ್ಬೇಡ. ಬಂದು ನೋಡು," ಎಂದು ಕಾಂಡ್ಲಾ ಕರೆಯಿತು.

ಅದರ ಕೈಗಳ ನಡುವೆ ಅರ್ಧ ಕೇರಿಯೇ ಸಿಕ್ಕಿಕೊಂಡಿತ್ತು. ಒಬ್ಬರ ಮಡಕೆ, ಇನ್ನೊಬ್ಬರ ಬಲೆ, ಯಾರದೋ ಬಾಗಿಲು. ಬಾಗಿಲ ಮೇಲೆ ಬೆಳ್ಳಕ್ಕನ ಹುಂಜ ನೆನೆದು ಮುದ್ದೆಯಾಗಿ ಕೂತು, ಎಲ್ಲರಿಗೂ ಬೈಯುತ್ತಿತ್ತು. ಅಳುತ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

ಸಿಕ್ಕ ಮಡಕೆಯಲ್ಲೇ ಬಳಚಿನ ಸಾರು ಕುದಿಯಿತು. ಸಿಕ್ಕ ಬಾಗಿಲಿಟ್ಟು ಮೊದಲ ಮನೆ ಎದ್ದಿತು. ಎಲ್ಲರ ಮನೆ ಏಳುವವರೆಗೂ ಎಲ್ಲರೂ ಅದರಲ್ಲೇ ಒತ್ತಿಕೊಂಡು ಮಲಗಿದರು.

"ಇನ್ನು ಕೈ ಎತ್ತಿಕೊಳ್ಳೇ, ನೋಯ್ತದೆ," ಎಂದಳು ಸೋಮಿ.

"ಬೇಡ," ಎಂದಿತು ಕಾಂಡ್ಲಾ. "ಮೀನಿನ ಮರಿಗಳು ಇಲ್ಲಿ ಬಿಡಾರ ಹೂಡಿವೆ. ಎತ್ತಿದ್ರೆ ಅವೆಲ್ಲಿಗೆ ಹೋಗ್ಬೇಕು? ಆ ಗಾಳಿಯೂ ಮತ್ತೆ ಬಂದೀತು."

ಅದಕ್ಕೇ ಮಗೂ, ಅಳಿವೆಯ ಕಾಂಡ್ಲಾ ಇವತ್ತಿಗೂ ಬೇರುಗಳ ಹತ್ತಾರು ಕೈ ಊರಿಕೊಂಡೇ ನಿಂತಿರುತ್ತದೆ. ಕಾಯಿಯಲ್ಲೇ ಮೊಳೆಯುವ ಅದರ ಮರಿಗಳಂತೂ ತಾಯಿಯ ಕೊಂಬೆಯಲ್ಲಿ ತೂಗುತ್ತಿರುವಾಗಲೇ ಉದ್ದನೆಯ ಹಸಿರು ಕಾಲು ಚಾಚಿ ಕಾಯುತ್ತವೆ, ಕೆಸರಿಗೆ ಬಿದ್ದರೆ ಪಟ್ಟನೆ ನೆಟ್ಟಗೆ ನಿಂತುಬಿಡುತ್ತವೆ.