ಬಿಡುವ ಉಸಿರು

ಹೊಳೆಯ ದಂಡೆಯ ಮಠವೊಂದರಲ್ಲಿ ನಿಂಬವ್ವ ಎಂಬ ತಾಯಿ ನಲವತ್ತು ವರ್ಷ ದಾಸೋಹದ ಒಲೆ ಊದಿದಳು. ಬಂದವರೆಲ್ಲ ಉಂಡು ಹೋದರು. ಹೊಗೆ ಮಾತ್ರ ಆಕೆಯ ಎದೆಯಲ್ಲಿ ಉಳಿಯಿತು. ಈಗ ನಾಲ್ಕು ಮಾತಾಡಿದರೂ ಏದುಸಿರು.

ಪೇಟೆಯ ಡಾಕ್ಟರು ಸೇದುವ ಔಷಧಿ ಕೊಟ್ಟಿದ್ದರು. "ಕೆಟ್ಟ ಎದೆ ಮೊದಲಿನಂತೆ ಆಗುವುದಿಲ್ಲ. ಆದರೂ ದಿನಾ ಸ್ವಲ್ಪ ನಡೆಸಿ. ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದನ್ನು ರೂಢಿ ಮಾಡಿಸಿ" ಎಂದಿದ್ದರು.

ಆಕೆಯನ್ನು ನೋಡಿಕೊಳ್ಳುವ ಸೇವೆ ಶಿಷ್ಯ ಮರುಳಯ್ಯನದು. ಅವನು ಔಷಧಿ ಒಂದು ದಿನವೂ ತಪ್ಪಿಸಲಿಲ್ಲ. ನಡೆಸಲು ಮಾತ್ರ ಮನಸ್ಸು ಬರಲಿಲ್ಲ. ಅನ್ನ ನೀರು ಕೂತಲ್ಲಿಗೇ ತಂದ. ಏದುಸಿರು ಬಂದಾಗ ಬೆನ್ನು ನೀವುತ್ತ, "ತಗೊಳ್ಳಿ ಅವ್ವಾ, ಉಸಿರು ತಗೊಳ್ಳಿ" ಎನ್ನುತ್ತಿದ್ದ.

ಮೂರು ತಿಂಗಳಲ್ಲಿ ನಿಂಬವ್ವನಿಗೆ ಬಾಗಿಲು ದೂರವಾಯಿತು.

ಒಂದು ದಿನ ಗುರುಗಳು ಬಂದು ಹತ್ತಿರ ಕೂತರು.

"ಕಾರ್ತಿಕಕ್ಕೆ ಇನ್ನೆರಡೇ ತಿಂಗಳು, ಬುದ್ಧಿ. ಮಗಳ ಹೆಸರಲ್ಲಿ ಹೊಳೆಗೆ ದೀಪ ಬಿಡಬೇಕು. ಅವಳು ಹೋದಾಗಿಂದ ಒಂದು ವರ್ಷವೂ ತಪ್ಪಿಸಿಲ್ಲ," ಎಂದಳು ನಿಂಬವ್ವ.

"ನಾನು ಬಿಟ್ಟು ಬರ್ತೀನಿ ಅವ್ವಾ," ಎಂದ ಮರುಳಯ್ಯ.

"ಅವಳು ನಿನ್ನ ಮಗಳೇನೋ?"

ಗುರುಗಳು ಶಿಷ್ಯನ ಕಡೆ ತಿರುಗಿದರು. "ಡಾಕ್ಟರು ಹೇಳಿದಂತೆ ನಡೆಸ್ತಾ ಇದ್ದೀಯಾ?"

"ನಾಲ್ಕು ಹೆಜ್ಜೆಗೇ ಏದುತ್ತಾರೆ. ನೋಡೋಕಾಗಲ್ಲ."

"ಉಸಿರು ಬಿಡಿಸೋದು?"

ಮರುಳಯ್ಯ ಅವ್ವನ ಬೆನ್ನು ನೀವತೊಡಗಿದ.

ನಿಂಬವ್ವ ನಕ್ಕಳು. ನಗು ಕೆಮ್ಮಾಯಿತು. "ಆ ಮಾತು ಅವನ ಬಾಯಲ್ಲಿ ಬರಲ್ಲ, ಬುದ್ಧಿ. ಕಾಯಿಲೆಯವಳಿಗೆ ಉಸಿರು ಬಿಡು ಅಂದು, ನಾನು ಬಿಟ್ಟೇಬಿಟ್ಟರೆ ಅಂತ ಭಯ."

"ಅಪಶಕುನ ಅಲ್ವಾ ಗುರುಗಳೇ," ಎಂದ ಅವನು ಮೆಲ್ಲಗೆ.

"ಮರುಳಯ್ಯ, ಉಸಿರು ತಗೋ."

ತೆಗೆದುಕೊಂಡ.

"ಬಿಡಬೇಡ. ಅದರ ಮೇಲೆ ಇನ್ನಷ್ಟು ತಗೋ."

ತೆಗೆದುಕೊಂಡ.

"ಇನ್ನಷ್ಟು."

ಅವನ ಮುಖ ಕೆಂಪಾಯಿತು. ಕಣ್ಣಲ್ಲಿ ನೀರು ಬಂತು. ಕೈ ಕುತ್ತಿಗೆಗೆ ಹೋಯಿತು.

"ಯಾಕೆ, ಗಾಳಿ ಇಲ್ವೇ?"

ಅವನು ಭುಸ್ಸೆಂದು ಉಸಿರು ಬಿಟ್ಟ. "ಜಾಗ ಇಲ್ಲ ಗುರುಗಳೇ."

"ಅವ್ವನ ಎದೆಯಲ್ಲೂ ಜಾಗ ಇಲ್ಲ, ಮೂರು ತಿಂಗಳಿಂದ. ನೀನು ಇನ್ನೂ ತಗೋ ಅಂತಿದ್ದೀಯ."

ಗುರುಗಳು ತಾವೇ ಎದ್ದು ಅಡುಗೆಮನೆಯಿಂದ ಊದುಗೊಳವೆ ತಂದು ನಿಂಬವ್ವನ ಕೈಗಿಟ್ಟರು.

"ಒಲೆ ಬೇಡ. ಕೆಂಡ ಹತ್ತೋ ಹಾಗೂ ಬೇಡ. ಬೂದಿ ಕದಲದ ಹಾಗೆ ಊದವ್ವಾ, ಉದ್ದಕ್ಕೆ."

ಮರುದಿನ ಬಾಗಿಲವರೆಗೆ ನಡೆದಳು. ವಾರ ಕಳೆದು ಬಿಲ್ವದ ಮರದವರೆಗೆ. ನಡುವೆ ಗೋಡೆ ಹಿಡಿದು ನಿಂತು, ಕೊಳವೆ ಇಲ್ಲದೆಯೇ ತುಟಿ ಕಿರಿದು ಮಾಡಿ ಊದುತ್ತಿದ್ದಳು. ಕೆಲವು ದಿನ ಅರ್ಧಕ್ಕೇ ತಿರುಗಿದ್ದೂ ಉಂಟು. "ಬಿಡಿ" ಎಂಬ ಮಾತು ಮರುಳಯ್ಯನ ಗಂಟಲಿನಿಂದ ಹೊರಡಲು ಮೂರು ದಿನ ಹಿಡಿಯಿತು.

ಕಾರ್ತಿಕ ಬಂತು. ಹೊಳೆಗೆ ಮೂವತ್ತು ಮೆಟ್ಟಿಲು. ಮುಸ್ಸಂಜೆಯಲ್ಲಿ ಆಕೆ ಇಳಿದಳು. ಮರುಳಯ್ಯ ಒಂದು ಮೆಟ್ಟಿಲು ಮುಂದೆ, ಕೈ ಚಾಚಿಕೊಂಡು, ಮುಟ್ಟದೆ.

"ಬಿಡಿ ಅವ್ವಾ."

"ಬಿಟ್ಟೆ ಕಣೋ. ಇನ್ನೂ ಇದ್ದೀನಿ."

ನೀರು ಕಾಲಿಗೆ ತಾಕಿತು. ನಿಂಬವ್ವ ಮಗಳ ಹೆಸರು ಹೇಳಿ, ಎಲೆದೊನ್ನೆಯ ದೀಪವನ್ನು ತನ್ನ ಕೈಯಿಂದಲೇ ಬಿಟ್ಟಳು. ಅದು ಒಂದು ಸುತ್ತು ತಿರುಗಿ, ದಾರಿ ಹಿಡಿದು ಹೋಯಿತು. ಆಕೆ ಮೆಟ್ಟಿಲ ಮೇಲೆ ಕೂತು ನೋಡತೊಡಗಿದಳು.

ಮರುಳಯ್ಯ ಮಾತ್ರ ತಿರುಗಿ ಮೂವತ್ತು ಮೆಟ್ಟಿಲುಗಳನ್ನೂ, ಮೇಲೆ ನಿಂತಿದ್ದ ಗುರುಗಳನ್ನೂ ನೋಡಿದ.

"ಇಳಿದದ್ದಾಯಿತು ಗುರುಗಳೇ. ಹತ್ತೋದು ಹೇಗೆ?"

ಗುರುಗಳು ದೀಪದಿಂದ ಕಣ್ಣು ತೆಗೆಯಲಿಲ್ಲ.

"ಅದು ಪೂರ್ತಿ ಹೋಗಲಿ. ಬರೋದರ ಮಾತು ಆಮೇಲೆ."