ಸೋವಲೆಯ ಬೆರಳು

"ಹೊಂಗೆರೆ ನಾಡಿನವರೆಲ್ಲ ಕೇಳಿ! ಅರಮನೆಯ ವೈದ್ಯಶಾಲೆಯ ಗುರುಪೀಠ ಖಾಲಿಯಿದೆ. ರಾಜಮಾತೆ ಕೇಳುವ ಮೂರು ಒಗಟು ಬಿಡಿಸಿದವರಿಗೆ ಪೀಠ, ತಪ್ಪಿದವರಿಗೆ ತಲೆದಂಡ! ಕಲಿಕೆಯಲ್ಲಿ ಹಿಂದೆ ಬಿದ್ದ ಶಿಷ್ಯರೆಲ್ಲ ಹುಣ್ಣಿಮೆಯೊಳಗೆ ಗಡಿ ದಾಟತಕ್ಕದ್ದು!"

ಡಂಗುರದವನು ಹೀಗೆ ಸಾರಿಕೊಂಡು ಹೋಗಲು ಕಾರಣ ಸೋವಲೆಯೆಂಬ ಶಿಷ್ಯೆ. ದಂಡನಾಯಕನಿಗೆ ಜ್ವರ ಬಂದಾಗ ನಾಡಿ ಹಿಡಿದವಳು ಅವಳು. ನಾಡಿ ತೀರ ಕ್ಷೀಣವಾಗಿದೆಯೆಂದು ತಪ್ಪು ತಿಳಿದು ಉಷ್ಣದ ಮದ್ದು ಕುಡಿಸಿದಳು. ಜ್ವರ ನೆತ್ತಿಗೇರಿತು. ದಂಡನಾಯಕ ಹೇಗೋ ಬದುಕಿಕೊಂಡ, ಆದರೆ ಅರಸ ಬಿಜ್ಜಯ್ಯನ ಸಿಟ್ಟು ಇಳಿಯಲಿಲ್ಲ; ಪೀಠದಲ್ಲಿದ್ದ ಗುರುವನ್ನು ಅಂದೇ ಕೆಳಗಿಳಿಸಿದ.

ಪೀಠದ ಆಸೆಗೆ ಮೊದಲು ಬಂದವರು ಶಾಲೆಯ ಹಿರಿಯ ಗುರು ನಾಗದೇವ ಪಂಡಿತರು. ರಾಜಮಾತೆ ಮಾಬಲದೇವಿ ಕೇಳಿದಳು: "ಎದುರಿಗಿದ್ದವರಿಗೆಲ್ಲ ಕಾಣುತ್ತದೆ, ಹೊತ್ತವನಿಗೆ ಕಾಣುವುದಿಲ್ಲ. ಬೈದರೆ ಬಚ್ಚಿಟ್ಟುಕೊಳ್ಳುತ್ತದೆ, ತೋರಿಸಿಕೊಟ್ಟರೆ ಬಿಟ್ಟುಹೋಗುತ್ತದೆ. ಏನದು?"

"ದಡ್ಡತನ, ತಾಯಿ! ನಮ್ಮ ಶಾಲೆಯಲ್ಲಿ ಬೇಕಾದಷ್ಟಿದೆ."

"ತೋರಿಸಿಕೊಟ್ಟರೆ ಬಿಟ್ಟುಹೋಗುವಷ್ಟು ಸುಲಭವೇ ದಡ್ಡತನ?" ಎಂದಳು ರಾಜಮಾತೆ. ಪಂಡಿತರನ್ನು ಸೆರೆಮನೆಗೆ ಎಳೆದೊಯ್ದರು. ಮರುದಿನ ಬಂದ ವಾಮನಾಚಾರ್ಯರು "ಗರ್ವ" ಎಂದರು. "ಗರ್ವ ಬೈದರೆ ಬಚ್ಚಿಟ್ಟುಕೊಳ್ಳುವುದಿಲ್ಲ ಆಚಾರ್ಯರೇ, ಹೆಡೆ ಎತ್ತುತ್ತದೆ." ಅವರೂ ಸೆರೆಮನೆ ಸೇರಿದರು.

ಶಾಲೆಯಲ್ಲಿ ಕೇತಯ್ಯನೆಂಬ ಯುವಕನಿದ್ದ. ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸುವವನು. ಗುರುಗಳ ಸಾಲಿನಲ್ಲಿ ಅವನದೇ ಕೊನೆಯ ಚಾಪೆ. ಸೋವಲೆ ಊರು ಬಿಡಲು ಬಟ್ಟೆಬರೆಯ ಗಂಟು ಕಟ್ಟುತ್ತಿದ್ದಾಗ ಅವನು ಅಲ್ಲಿಗೆ ಬಂದು ಕೈ ನೀಡಿದ.

"ತಂಗಿ, ನನ್ನ ನಾಡಿ ನೋಡು."

"ಬೇಡ ಅಣ್ಣ, ನನಗೆ ಬರುವುದಿಲ್ಲ."

"ಬರದಿದ್ದರೂ ಪರವಾಗಿಲ್ಲ, ಹಿಡಿ."

ಹಿಡಿದಳು. ಅವಳ ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಒತ್ತಿದ್ದಳು. ಒಳಗಿನ ಭಯವೆಲ್ಲ ಬೆರಳಿಗೆ ಇಳಿದಿತ್ತು. ಹಾಗೆ ಅದುಮಿದರೆ ಎಂಥ ನಾಡಿಯೂ ಕ್ಷೀಣವೇ.

"ನೀನು ಹೀಗೆ ಹಿಡಿಯುವುದನ್ನು ಯಾರೂ ನೋಡಿಲ್ಲವೇ?"

"ತಪ್ಪು ಹೇಳಿದಾಗೆಲ್ಲ ದಡ್ಡಿ ಅಂದರು. ಬೆರಳನ್ನು ಯಾರೂ ನೋಡಲಿಲ್ಲ."

ಕೇತಯ್ಯನಿಗೆ ಮೈಯೆಲ್ಲ ಉರಿಯಿತು. ಅವಳನ್ನೂ ಕರೆದುಕೊಂಡು ನೆಟ್ಟಗೆ ಸಭೆಗೆ ನಡೆದ.

"ಪೀಠಕ್ಕೆ ಬಂದೆಯೋ?" ಅರಸ ಕೇಳಿದ.

"ಜಗಳಕ್ಕೆ ಬಂದೆ, ಪ್ರಭು. ಒಗಟು ಬಿಡಿಸದೆ ಇಲ್ಲಿ ಬಾಯಿ ತೆರೆಯುವ ಹಾಗಿಲ್ಲವಂತೆ. ಬಿಡಿಸುತ್ತೇನೆ. ಮೊದಲನೆಯದಕ್ಕೆ ಉತ್ತರ, ತಪ್ಪು. ಮಾಡಿದವನಿಗೆ ತನ್ನ ತಪ್ಪು ಕಾಣುವುದಿಲ್ಲ. ಬೈದರೆ ಮುಚ್ಚಿಡುತ್ತಾನೆ. ಪಕ್ಕದಲ್ಲಿ ಕೂತು ತೋರಿಸಿದರೆ ತಿದ್ದಿಕೊಳ್ಳುತ್ತಾನೆ. ಈ ಹುಡುಗಿ ನಾಡಿಯನ್ನು ಅದುಮಿ ಹಿಡಿಯುತ್ತಾಳೆ, ಅಷ್ಟೇ. ಅದಕ್ಕೆ ಗಡಿಪಾರೇ?"

ರಾಜಮಾತೆ ಮುಂದಕ್ಕೆ ಬಾಗಿ ಎರಡನೆಯದನ್ನು ಕೇಳಿದಳು: "ಹತ್ತು ರೋಗಕ್ಕೂ ಒಂದೇ ಕಷಾಯ ಕೊಟ್ಟ ವೈದ್ಯನನ್ನು ಕಂಡು ಊರು ನಗುತ್ತದೆ. ಅದನ್ನೇ ಮಾಡುವ ಇನ್ನೊಬ್ಬನಿಗೆ ಶಾಲು ಹೊದಿಸುತ್ತದೆ. ಯಾರವನು?"

"ನಮ್ಮಂಥ ಗುರು, ತಾಯಿ!" ಕೇತಯ್ಯ ಹಿರಿಯ ಗುರುಗಳ ಕಡೆ ತಿರುಗಿದ. "ಒಬ್ಬನಿಗೆ ಕಣ್ಣು ಮಂಜು. ಒಬ್ಬನಿಗೆ ಶ್ಲೋಕ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಇವಳಿಗೆ ಭಯ. ನಾವು ಎಲ್ಲರಿಗೂ ಕೊಟ್ಟ ಮದ್ದು ಒಂದೇ, 'ಇನ್ನೊಮ್ಮೆ ಓದು'. ರೋಗಿಯ ನಾಲಿಗೆ ನೋಡುತ್ತೀರಿ, ಕಣ್ಣು ನೋಡುತ್ತೀರಿ. ಶಿಷ್ಯರನ್ನು ಯಾವತ್ತಾದರೂ ನೋಡಿದ್ದೀರಾ? ದಂಡನಾಯಕರ ಮಂಚದ ಬಳಿ ಇವಳೊಬ್ಬಳನ್ನೇ ಬಿಟ್ಟು ಅವತ್ತು ಯಾರ ಮದುವೆಯ ಊಟಕ್ಕೆ ಹೋಗಿದ್ದಿರಿ?"

ಹಿರಿಯರು ಶಾಲು ಸರಿಪಡಿಸಿಕೊಂಡರು.

"ಕೊನೆಯದು," ಎಂದಳು ರಾಜಮಾತೆ. "ಸೋತವನಿಗೆ ಬೇಕು, ಗೆದ್ದವನಿಗೆ ಬೇಡ. ಒಂಟಿಯಾಗಿ ಬಿಟ್ಟು ಕೊಟ್ಟರೆ ಶಿಕ್ಷೆ, ಜೊತೆಗಿದ್ದು ಕೊಟ್ಟರೆ ವರ. ನನ್ನ ಮಗನ ಬಳಿ ರಾಶಿಯಿದೆ, ಈವರೆಗೆ ಒಬ್ಬರಿಗೂ ಕೊಟ್ಟಿಲ್ಲ."

ಕೇತಯ್ಯ ಅರಸನನ್ನೇ ದಿಟ್ಟಿಸಿ ಹೇಳಿದ: "ಇನ್ನೊಂದು ಅವಕಾಶ. ಕಲಿಸದೆ ಮತ್ತೆ ಪರೀಕ್ಷೆಗೆ ತಳ್ಳಿದರೆ ಅದು ಶಿಕ್ಷೆಯೇ. ಜೊತೆಗೆ ಕಲಿಸುವವನೂ ಇರಬೇಕು. ಇವಳಿಗೆ ಅದನ್ನು ಕೊಡಿ, ಪ್ರಭು. ಒಂದು ಮಾತು ತಪ್ಪಿದ್ದಕ್ಕೆ ಸಾವಿಗೆ ಕಾದು ಕೂತಿರುವ ಆ ಇಬ್ಬರಿಗೂ ಕೊಡಿ."

ಅರಸನ ಮುಖ ಕೆಂಪಾಯಿತು. "ಅಮ್ಮಾ, ಈ ಒಗಟು ನನಗೆ ಹಾಕಿದ್ದೇ?"

"ಮೂರೂ ನಿನಗೇ ಹಾಕಿದ್ದು, ಮಗನೇ. ತಲೆದಂಡದ ಮಾತು ಸೇರಿಸಿದವನು ನೀನು."

ಬಿಜ್ಜಯ್ಯ ಸಿಂಹಾಸನದಿಂದ ಇಳಿದು ಬಂದ. ಆಮೇಲೆ ಗಡಿಪಾರಿನ ಆಜ್ಞೆ ಹಿಂತೆಗೆದುಕೊಂಡ, ಸೆರೆಮನೆಯ ಬಾಗಿಲು ತೆಗೆಸಿದ, ಕೇತಯ್ಯನನ್ನು ಕೈಹಿಡಿದು ಪೀಠದಲ್ಲಿ ಕೂರಿಸಿದ.

ಸೋವಲೆ ಒಂದೇ ದಿನದಲ್ಲಿ ವೈದ್ಯೆಯಾಗಲಿಲ್ಲ. ಮಳೆಗಾಲವಿಡೀ ಕೇತಯ್ಯ ರೋಗಿಗಳ ಬಳಿ ಅವಳ ಪಕ್ಕದಲ್ಲೇ ಕೂತು, ಅವಳ ಬೆರಳ ಪಕ್ಕದಲ್ಲಿ ತನ್ನ ಬೆರಳಿಟ್ಟು, "ಒತ್ತಬೇಡ, ಸುಮ್ಮನೆ ಇಡು" ಎನ್ನುತ್ತಿದ್ದ. ಚಳಿಗಾಲಕ್ಕೆ ಅವಳು ತಾನೇ ಮದ್ದು ಕೊಡತೊಡಗಿದಳು. ಕಣ್ಣು ಮಂಜಾದವನಿಗೆ ದೊಡ್ಡ ಅಕ್ಷರದ ಓಲೆ ಬರೆಸಿದರು.

ಒಂದು ಮುಂಜಾನೆ ನಾಗದೇವ ಪಂಡಿತರು ಶಾಲೆಯ ಹೊಸ್ತಿಲಲ್ಲಿ ನಿಂತಿದ್ದರು. ಹೆಗಲ ಮೇಲೆ ಶಾಲಿರಲಿಲ್ಲ.

"ಕೇತಯ್ಯನವರೇ, ಇಷ್ಟು ವರ್ಷ ಕಲಿಸಿದೆ. ನಾನು ಎಲ್ಲಿ ತಪ್ಪಿದೆ, ಸ್ವಲ್ಪ ನೋಡಿ ಹೇಳುತ್ತೀರಾ?"

ಸೋವಲೆಯನ್ನು ದಡ್ಡಿ ಅಂದವರಲ್ಲಿ ಅವರೇ ಮೊದಲಿಗರು. ಕೇತಯ್ಯನ ಸಿಟ್ಟು ಇನ್ನೂ ಆರಿರಲಿಲ್ಲ. ಆದರೂ ಚಾಪೆಯ ಮೇಲೆ ಜರುಗಿ ಜಾಗ ಮಾಡಿದ.

"ಬನ್ನಿ, ಕೂತುಕೊಳ್ಳಿ. ನೋಡೋಣ."